ತಪ್ಪು ಎಲೇದಲ್ಲ

ನಮ್ಮಜ್ಜಿ ಯಾವ ಗಿಡದ ಪಕ್ಕ ಹೋದರೂ ಒಂದು ಎಲೆ ಕಿತ್ತು, ಬೆರಳಲ್ಲಿ ಉಜ್ಜಿ, ಮೂಸಿ ನೋಡದೆ ಮುಂದೆ ಹೋಗಲ್ಲ. ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸುತ್ತ ಇರೋ ರೋಸ್‌ಮೆರಿ ಬೇಲಿಯನ್ನೂ ಬಿಟ್ಟಿಲ್ಲ. ಆ ಸಂಜೆ ಬಾಲ್ಕನಿಯಲ್ಲಿ ಹಾಗೇ ಮೂಸ್ತಾ ಕೂತಿದ್ದಾಗ, ಆದಷ್ಟು ಮೆಲ್ಲಗೆ ಕೇಳಿದೆ.

"ಅಜ್ಜಿ, ಟಾಂಜಾನಿಯಾದಲ್ಲಿ ಕೆಳಗಡೆ ತುರಿಕೆಗೆ ಎಲೆ ಕುದಿಸಿ ತೊಳ್ಕೋತಿದ್ದೆ ಅಂದಿದ್ಯಲ್ಲ, ಯಾವ ಎಲೆ ಅದು?"

"ಯಾರಿಗೆ?"

"ಸುಮ್ನೆ. ಜಸ್ಟ್ ಕ್ಯೂರಿಯಸ್."

ಅಜ್ಜಿ ಕೈಯಲ್ಲಿದ್ದ ಎಲೆ ಕೆಳಗಿಟ್ಟಳು. "ಯಾವಾಗಿಂದ?"

"ಎರಡು ವಾರ ಆಯ್ತು. ನಿನ್ನೆಯಿಂದ ಕಿಬ್ಬೊಟ್ಟೆನೂ ನೋಯ್ತಿದೆ. ಕ್ಲಿನಿಕ್ಕಿಗೆ ಹೋದ್ರೆ ಬಿಲ್ಲು ಅಮ್ಮನ ಇನ್ಶೂರೆನ್ಸಲ್ಲಿ ಬರತ್ತೆ ಅಜ್ಜಿ. ಅಮ್ಮನಿಗೆ ಗೊತ್ತಾಗತ್ತೆ."

"ಗೊತ್ತಾಗ್ಲಿ! ಗೊತ್ತಾದ್ರೆ ಏನೀಗ? ಬೇವು ಕಣೇ ಅದು, ಬೇವು. ಸಮುದ್ರ ದಾಟಿ ಹೋಗಿ ನೋಡಿದ್ರೆ ನಮ್ಮ ಬೇವೇ, ಅಲ್ಲಿ ಮ್ವಾರೊಬೈನಿ ಅಂತಾರೆ, ಜೊತೆಗೆ ಸೀಬೆ ಎಲೆ. ನಿಮ್ಮ ತಾತಂಗೆ ಅಲ್ಲಿ ಸ್ಕೂಲಲ್ಲಿ ಮೇಷ್ಟ್ರ ಕೆಲಸ, ನಿಮ್ಮಮ್ಮ ಆಗಿನ್ನೂ ಅಂಬೆಗಾಲು, ಅಲ್ಲಲ್ಲ, ನಡೀತಿದ್ಲು, ನನ್ನ ನೀರಿನ ಬಕೆಟ್ ಉರುಳಿಸ್ತಿದ್ಲಲ್ಲ, ನಡೀತಿದ್ಲು. ನಂಗೆ ಬಿಳಿ ಹೋಗಕ್ಕೆ ಶುರುವಾಯ್ತು. ಉರಿ ಅಂದ್ರೆ ಉರಿ, ಕೂರಕ್ಕಾಗಲ್ಲ, ನಿಲ್ಲಕ್ಕಾಗಲ್ಲ. ಇವರಿಗೆ ಹೇಳಿದೆ. 'ಅಲ್ಲಿರೋನು ಗಂಡು ಡಾಕ್ಟ್ರು, ನನ್ನ ಸ್ನೇಹಿತ ಬೇರೆ, ಏನಂತ ಹೇಳ್ಲಿ ಅವನಿಗೆ?' ಅಂದ್ರು. ಅವರ ಮರ್ಯಾದೆ ನೋಡು! ಪಕ್ಕದ್ಮನೆ ಮಾಮಾ ರೆಹೇಮಾ, ಅಲ್ಲಿ ಅಮ್ಮನಿಗೆ ಮಾಮಾ ಅಂತಾರೆ, ನಲ್ಲಿ ಹತ್ರ ನಾನು ನಿಲ್ಲೋ ರೀತಿ ನೋಡೇ ಕಂಡುಹಿಡಿದ್ಲು. ಎಲೆ ಕುದಿಸಿ, ಆರಿಸಿ, ತಂದುಕೊಟ್ಲು. ತುರಿಕೆ ಕಮ್ಮಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ನೋಡು, ಜ್ವರ, ಕಿಬ್ಬೊಟ್ಟೆ ಹಿಡ್ಕೊಂಡು ಹಿಂಡೋದು. ಅವಳೇ ಬೈದ್ಲು, 'ಇದು ಒಳಗಿಂದು, ಇದಕ್ಕೆ ನನ್ನ ಎಲೆ ಆಗಲ್ಲ, ಆಸ್ಪತ್ರೆಗೆ ನಡಿ' ಅಂತ. ಇವರೇನಂದ್ರು ಗೊತ್ತಾ? 'ಎಲೆಯಿಂದ ಕಮ್ಮಿ ಆಗ್ತಿದೆಯಲ್ಲ, ಇನ್ನೊಂದು ವಾರ ನೋಡು.' ನೋಡಿದೆ. ನೋಡಿ ನೋಡಿ, ಪ್ರಜ್ಞೆ ತಪ್ಪಿದ ಮೇಲೆ ಆಸ್ಪತ್ರೆ. ಟ್ಯೂಬು ಎರಡೂ ಮುಚ್ಚಿಹೋಗಿದೆ, ಇನ್ನು ಮಕ್ಕಳಾಗಲ್ಲ ಅಂದ್ರು. ಮೈಸೂರಿಗೆ ಬಂದ್ವಲ್ಲ, ನಮ್ಮತ್ತೆ, 'ಅದ್ಯಾವಳೋ ಕಾಡಿನವಳು ಸೊಪ್ಪು ಹಾಕಿ ಇವಳ ಹೊಟ್ಟೆ ಒಣಗಿಸಿಬಿಟ್ಲು' ಅಂತ ಬಂದೋರಿಗೆಲ್ಲ ಹೇಳಿದ್ದೇ ಹೇಳಿದ್ದು. ನಿಮ್ಮ ತಾತ ಪಕ್ಕದಲ್ಲೇ ಕಾಫಿ ಕುಡೀತಾ ಕೂತಿದ್ರು ಕಣೇ! 'ಇಲ್ಲಮ್ಮ, ಅವಳು ಆಸ್ಪತ್ರೆಗೆ ಹೋಗು ಅಂದ್ಲು, ನಾನೇ ಬೇಡ ಅಂದೆ' ಅಂತ ಒಂದು ಮಾತು ಬರಲಿಲ್ಲ ಆ ಬಾಯಲ್ಲಿ. ಸಾಯೋವರ್ಗೂ ಬರಲಿಲ್ಲ."

ಕೆಳಗೆ ಯಾರೋ ಕಾರು ಲಾಕ್ ಮಾಡಿದ ಸದ್ದು ಬಂತು. ಅಮ್ಮನೇ ಇರಬೇಕು ಅಂತ ನಾನು ಬಗ್ಗಿ ನೋಡಿದೆ. ಅಲ್ಲ.

"ಅಲ್ಲಿ ಏನು ನೋಡ್ತೀಯ? ಇಲ್ಲಿ ಹೆಣ್ಣು ಡಾಕ್ಟ್ರು ಇದಾಳೆ, ನಿನ್ನ ಹತ್ರ ಕಾರಿದೆ, ಎಲೆ ಕೇಳ್ತಾಳಂತೆ ಎಲೆ! ಅನ್ನ ಸೀದ್ರೆ ಮನೇವ್ರಿಗೆಲ್ಲ ಕೇಳೋ ಹಾಗೆ ಕೂಗ್ತೀವಿ. ಮೈ ಉರೀತಿದೆ ಅನ್ನೋದನ್ನ ಯಾಕೆ ನುಂಗ್ಕೋಬೇಕು?"

ನನ್ನ ಫೋನು ಎತ್ತಿ ನನ್ನ ಮಡಿಲಲ್ಲಿಟ್ಟಳು.

"ನಾನು ಪಕ್ಕದಲ್ಲೇ ಕೂತಿರ್ತೀನಿ. ಈಗ್ಲೇ ಕ್ಲಿನಿಕ್ಕಿಗೆ ಫೋನ್ ಮಾಡು ಮಗಾ. ಮಾಡ್ತೀಯ ತಾನೆ?"