ನೀರು ಕುಡಿದು ಬಂದರೆ ನೇರವಾಗುವ ಬುಟ್ಟಿ

ಹೂಂ ಅನ್ನಿ. ಹೂಂ ಅನ್ನದವರ ಮುಂದೆ ಕಥೆ ಹೇಳುವುದೂ ಒಂದೇ, ಬೀಸುಕಲ್ಲಿಗೆ ಎಲೆ ಹಾಕಿ ಬಡಿಸುವುದೂ ಒಂದೇ. ಆ ಮೂಲೆಯವರಿಗೂ ಕೇಳಿಸಿತೇ? ಹಾಂ, ಈಗ ಸರಿ.

ಒಂದೂರು. ಯಾವ ಊರು ಅಂತ ಕೇಳಬೇಡಿ. ಹೇಳಿದರೆ ಅಲ್ಲಿ ನಮ್ಮ ನೆಂಟರಿದ್ದಾರೆ ಅನ್ನುತ್ತೀರಿ. ಆ ಊರಿನ ಅಂಚಿಗೆ ಮೇದರ ಕೇರಿ. ಕೇರಿಯಲ್ಲಿ ಹದಿನೈದು ಮನೆ. ಹದಿನೈದು ಮನೆಯಲ್ಲೂ ಬಿದಿರು ಸೀಳುವ ಸದ್ದು, ಬುಟ್ಟಿ ಹೆಣೆಯುವ ಕೈ.

ಆ ಕೈಗಳಲ್ಲೆಲ್ಲ ಬಲು ಚುರುಕಾದ ಕೈ ಸಾತವ್ವನದು. ಬೇರೆಯವರು ಒಂದು ಬುಟ್ಟಿ ಹೆಣೆಯುವಷ್ಟರಲ್ಲಿ ಇವಳು ಎರಡು ಹೆಣೆದು, ಮೂರನೆಯದಕ್ಕೆ ತಳ ಹಾಕಿ, ನಡುವೆ ಎದ್ದು ಹೋಗಿ ಮಜ್ಜಿಗೆ ಕಡೆದು ಬರುತ್ತಿದ್ದಳು. ಕೂತರೆ ನೆಲ ಸುಡುತ್ತದೆ ಅನ್ನುವ ಹೆಂಗಸು. ಕೂತಳು, ಎದ್ದಳು, ಮತ್ತೆ ಕೂತಳು. ನಿದ್ದೆಯಲ್ಲೂ ಬೆರಳು ಆಡುತ್ತಿದ್ದವಂತೆ. ಗಂಡ ಕೇತಪ್ಪನ ಹೊದಿಕೆಯ ನೂಲು ಹಾಗೇ ಸವೆದದ್ದು.

ಅವಳಿಗೆ ಒಬ್ಬಳೇ ಮಗಳು, ತುಂಗಿ. ಐದು ತುಂಬಿ ಆರಕ್ಕೆ ಕಾಲಿಟ್ಟ ಕೂಸು. ಮನೆಯಲ್ಲಿ ಅತ್ತೆ ಈರಜ್ಜಿ. ಹಲ್ಲು ಎರಡು, ಮಾತು ಅದಕ್ಕಿಂತ ಸ್ವಲ್ಪ ಜಾಸ್ತಿ.

ಕೇಳಿ, ಆ ಕೇರಿಗೊಂದು ಕಟ್ಟಳೆ ಇತ್ತು. ಸುಗ್ಗಿ ಮುಗಿದ ಹುಣ್ಣಿಮೆಯ ಬೆಳಗ್ಗೆ, ಆರಕ್ಕೆ ಕಾಲಿಟ್ಟ ಮಕ್ಕಳೆಲ್ಲ ಬೇವಿನ ಕಟ್ಟೆಯ ಮುಂದೆ ಕೂತು ಒಂದೊಂದು ಪುಟ್ಟ ಬುಟ್ಟಿ ಹೆಣೆಯಬೇಕು. ಹದಿನೈದು ಕಡ್ಡಿ ನಿಲ್ಲಿಸಿ ಕೊಡುವುದು ಹಿರಿಯರ ಕೆಲಸ. ಸುತ್ತ ಬಿದಿರಿನ ಸೀಳು ಹೆಣೆಯುವುದು ಮಗುವಿನ ಕೆಲಸ. ತಾಯಿ ಪಕ್ಕದಲ್ಲೇ ಕೂರಬೇಕು, ಕೈ ಎಟುಕುವಷ್ಟು ಹತ್ತಿರ. ಮುಟ್ಟಬಾರದು, ಹೇಳಿಕೊಡಲೂಬಾರದು. ಹೆಣೆದು ಮುಗಿದ ಮೇಲೆ ಯಜಮಾನ ಮಾಳಪ್ಪ ಬುಟ್ಟಿಗೆ ಒಂದು ಸೇರು ಅವರೆಕಾಳು ಸುರಿದು ಎತ್ತುತ್ತಾನೆ. ಕಾಳು ನಿಂತರೆ ಮಗುವಿಗೆ ಒಂದು ಪುಟ್ಟ ಕತ್ತಿ, ಹೆಣೆಯುವವರ ಸಾಲಿನಲ್ಲಿ ಒಂದು ಜಾಗ.

ನಿಲ್ಲದಿದ್ದರೆ? ಮಗುವನ್ನು ಯಾರೂ ಒಂದು ಮಾತು ಅನ್ನುವುದಿಲ್ಲ. ಮಗು ಏನು ಮಾಡೀತು ಪಾಪ. ‘ಈ ತಾಯಿಗೆ ಕಲಿಸೋಕೆ ಬರೋದಿಲ್ಲ’ ಅಂತ ತೀರ್ಮಾನಿಸಿ, ಮಗುವನ್ನು ಒಂದು ವರ್ಷ ಬೇರೆ ಮನೆಗೆ ಕಳಿಸುತ್ತಾರೆ. ಅಲ್ಲೇ ಊಟ, ಅಲ್ಲೇ ಹಾಸಿಗೆ, ಅಲ್ಲೇ ಕಲಿಕೆ.

ಆ ವರ್ಷ ಆ ಸರದಿ ಎದುರು ಮನೆಯ ದುರುಗವ್ವನದು. ಸಾತವ್ವನ ಹೊಸ್ತಿಲಿನಿಂದ ಹನ್ನೆರಡು ಹೆಜ್ಜೆ. ದೂರವೇನಲ್ಲ. ಆದರೆ ಹನ್ನೆರಡು ಹೆಜ್ಜೆ ದೂರದಲ್ಲಿ ನಿಮ್ಮ ಕೂಸು ಇನ್ನೊಬ್ಬಳ ಕೈತುತ್ತು ತಿನ್ನುವುದನ್ನು ವರ್ಷವಿಡೀ ನೋಡುವುದಕ್ಕಿಂತ ಹನ್ನೆರಡು ಗಾವುದ ವಾಸಿ. ಅದೂ ದುರುಗವ್ವನ ಕೈತುತ್ತು! ಆಕೆ ಆಗಲೇ ಒಂದು ಪುಟ್ಟ ಚಾಪೆ ಹೆಣೆದು, ಕಾಣುವ ಹಾಗೆ ಬಾಗಿಲಲ್ಲಿ ಒಣಗಲು ಹಾಕಿದ್ದಳು.

ಹುಣ್ಣಿಮೆಗೆ ಹದಿನೈದು ದಿನ. ಸಾತವ್ವ ಮಗಳನ್ನು ಕೂರಿಸಿಕೊಂಡಳು.

“ನೋಡು ಕೂಸೇ, ಹೀಗೆ.” ಬೆರಳು ಮಿಂಚಿದವು. ತುಂಗಿ ನೋಡುವಷ್ಟರಲ್ಲಿ ಒಂದು ಸುತ್ತು ಮುಗಿದಿತ್ತು.

“ಹೇಗೆ ಅವ್ವಾ?”

“ಹೀಗೆ.”

“ಹೀಗೆ ಅಂದ್ರೆ ಹೇಗೆ?”

“ಅಯ್ಯೋ, ಹೀಗೇ ಕಣೇ!”

ಮಗು ಸೀಳು ಹಿಡಿಯಿತು. ತಡವರಿಸಿತು. ಸಾತವ್ವ ಕೂತಳು, ಎದ್ದಳು, ಮತ್ತೆ ಕೂತಳು. “ತಾ ಇಲ್ಲಿ” ಅಂತ ಕಿತ್ತುಕೊಂಡು ತಾನೇ ಹೆಣೆದಳು. ಬುಟ್ಟಿ ಚೆನ್ನಾಗಿ ಬಂತು. ಬರದೆ ಏನು?

ಹೀಗೆ ಮೂರು ದಿನ ಹೋಯಿತು. ಬುಟ್ಟಿ ಮೂರಾದವು. ತುಂಗಿ ಕಲಿತದ್ದು “ತಾ ಇಲ್ಲಿ” ಅನ್ನುವ ಮಾತೊಂದೇ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದರೆ “ತಾ ಇಲ್ಲಿ” ಅಂತ ಕಿತ್ತುಕೊಂಡಳು.

ಸಾತವ್ವ ಯಜಮಾನ ಮಾಳಪ್ಪನಲ್ಲಿಗೆ ಓಡಿದಳು. “ಮಾವಾ, ಮಗುವಿಗೆ ಕಲಿಸೋದು ಹೇಗೆ?”

“ಗದರಿಸು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಅಂದ ಮಾಳಪ್ಪ. ಅವನಿಗೆ ಮಕ್ಕಳಿರಲಿಲ್ಲ. ಹಾಗಾಗಿ ಮಕ್ಕಳ ವಿಷಯ ಎಲ್ಲವೂ ಗೊತ್ತಿತ್ತು.

ಸಾತವ್ವ ಮೂರು ದಿನ ಗದರಿಸಿದಳು. ತುಂಗಿ ಗದರಿಸುವುದನ್ನು ಕಲಿತಳು. ಸೊಂಟಕ್ಕೆ ಕೈ ಇಟ್ಟು ಬೆಕ್ಕಿಗೆ, “ಎಷ್ಟು ಸಲ ಹೇಳ್ಬೇಕು ನಿಂಗೆ? ತಲೇಲಿ ಏನಿದೆ, ಬೂದಿನಾ?” ಅಂದಳು. ಅದೇ ದನಿ, ಅದೇ ಹುಬ್ಬು. ಬೆಕ್ಕು ಮನೆ ಬಿಟ್ಟು ದುರುಗವ್ವನ ಮನೆ ಸೇರಿತು. ಅಪಶಕುನ.

ಮುಂದೆ ಸಾತವ್ವ ಸಂತೆಯಲ್ಲಿ ಮಡಕೆ ಮಾರುವ ಎಂಟು ಮಕ್ಕಳ ತಾಯಿಯನ್ನು ಕೇಳಿದಳು. “ಬೆಲ್ಲ ಕೊಡು ಕಣಮ್ಮ” ಅಂದಳು ಆಕೆ. ಮೂರು ದಿನ ಬೆಲ್ಲ ಕೊಟ್ಟಳು. ತುಂಗಿ ಒಂದು ಕಡ್ಡಿ ದಾಟಿಸಿ ಕೈ ಚಾಚುತ್ತಿದ್ದಳು. ಇನ್ನೊಂದು ದಾಟಿಸಿ ಇನ್ನೊಮ್ಮೆ ಚಾಚುತ್ತಿದ್ದಳು. ಬೆಲ್ಲ ಮುಗಿಯಿತು, ಹೆಣಿಗೆ ನಿಂತಿತು. ಸೀಳಿಗೆ ಇರುವೆ ಮುತ್ತಿದವು.

ದಿನ ಉಳಿದದ್ದು ಆರು. ಎದುರು ಬಾಗಿಲಲ್ಲಿ ಚಾಪೆ ಒಣಗಿ, ಈಗ ಅದರ ಮೇಲೆ ಒಂದು ಪುಟ್ಟ ದಿಂಬೂ ಬಂದಿತ್ತು.

ಇಲ್ಲಿಂದ ಸಾತವ್ವ ಎಲ್ಲ ತಾಯಂದಿರೂ ಮಾಡುವ, ಯಾರೂ ಒಪ್ಪಿಕೊಳ್ಳದ ಕೆಲಸ ಶುರು ಮಾಡಿದಳು. ತುಂಗಿ ಸೊಟ್ಟಪಟ್ಟ ಹೆಣೆಯುತ್ತಿದ್ದಳು. ಬಾಯಾರುತ್ತಿತ್ತು. ಎದ್ದು ಹಿತ್ತಲಿಗೆ ಹೋಗಿ ಹರವಿಯಿಂದ ನೀರು ಕುಡಿಯುತ್ತಿದ್ದಳು. ಅಷ್ಟರಲ್ಲಿ ಸಾತವ್ವ ಸರಸರನೆ ಬಿಚ್ಚಿ, ನೇರ ಮಾಡಿ, ಏನೂ ಆಗದವಳ ಹಾಗೆ ಆಕಾಶ ನೋಡುತ್ತ ಕೂರುತ್ತಿದ್ದಳು. ಮಗು ಬಂದು ನೋಡಿದರೆ ಬುಟ್ಟಿ ಲಕ್ಷಣವಾಗಿ ಕೂತಿರುತ್ತಿತ್ತು.

“ನೋಡಿದೆಯಾ, ನೀನೇ ಮಾಡಿದ್ದು!” ಅನ್ನುತ್ತಿದ್ದಳು ತಾಯಿ. ಮಗುವಿಗೆ ಖುಷಿ, ತಾಯಿಗೆ ಖುಷಿ. ಹೀಗೆ ಎರಡು ದಿನ ಕಲಿಕೆ ಭರದಿಂದ ಸಾಗಿತು.

ಮೂರನೇ ದಿನ ಸಾತವ್ವ ಗಂಡನ ಜೊತೆ ಸಂತೆಗೆ ಹೋದಳು. ತುಂಗಿ ಅಜ್ಜಿಯ ಪಕ್ಕ ಕೂತು ಹೆಣೆದಳು. ಬುಟ್ಟಿ ಸೊಟ್ಟವಾಯಿತು. ತುಂಗಿ ಎದ್ದು ಹೋಗಿ ನೀರು ಕುಡಿದು ಬಂದಳು. ನೋಡಿದಳು. ಸೊಟ್ಟವೇ ಇತ್ತು. ಮತ್ತೆ ಹೋಗಿ ಕುಡಿದು ಬಂದಳು. ಸೊಟ್ಟವೇ. ಮೂರನೇ ಸಲ ಕುಡಿದು ಬಂದಾಗ ಹೊಟ್ಟೆ ಮಡಕೆಯಾಗಿತ್ತು, ನಡೆದರೆ ಕುಲುಕುಲು ಅನ್ನುತ್ತಿತ್ತು.

“ಅಜ್ಜೀ, ಇವತ್ತು ಬುಟ್ಟಿಗೆ ಮೈ ಹುಷಾರಿಲ್ಲ.”

“ಯಾಕೇ?”

“ನೀರು ಕುಡ್ದು ಬಂದ್ರೆ ಬುಟ್ಟಿ ತಾನೇ ನೇರ ಆಗತ್ತೆ. ಇವತ್ತು ಆಗ್ತಾನೇ ಇಲ್ಲ.”

ಈರಜ್ಜಿ ನಗಲಿಲ್ಲ. ಅವಳೂ ಒಂದು ಕಾಲಕ್ಕೆ ಮಗನ ಬುಟ್ಟಿ ನೇರ ಮಾಡಿದವಳೇ. ಆ ಮಗ ಕೇತಪ್ಪ ಈಗ ಬುಟ್ಟಿ ಹೆಣೆಯುವುದಿಲ್ಲ, ಹೊತ್ತು ಮಾರುತ್ತಾನೆ.

ಸಾತವ್ವ ಸಂತೆಯಿಂದ ಬಂದಾಗ ಅತ್ತೆ ಒರಳಿನಲ್ಲಿ ಮದರಂಗಿ ಸೊಪ್ಪು ಅರೆಯುತ್ತಿದ್ದಳು.

“ಯಾರ ಮದುವೆ ಅತ್ತೆ?”

“ನಿನ್ನ ಕೈಯದು. ಚಾಚು.”

ಎರಡೂ ಕೈಗೆ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ದಪ್ಪಗೆ ಮೆತ್ತಿ, ಔಡಲ ಎಲೆ ಸುತ್ತಿ, ದಾರ ಕಟ್ಟಿದಳು. “ಹುಣ್ಣಿಮೆಗೆ ಮೂರು ದಿನ. ಮೂರು ದಿನವೂ ಹಗಲೆಲ್ಲ ಇದು ಇರಬೇಕು. ಬಿಚ್ಚಿದರೆ ನನ್ನಾಣೆ.”

“ಹುಚ್ಚೇ ಅತ್ತೆ ನಿಮಗೆ? ಕೂಸಿಗೆ ಕಲಿಸಬೇಕು ನಾನು!”

“ಅದಕ್ಕೇ ಕಟ್ಟಿದ್ದು. ಕಲಿಸು.”

ಬೆಳಗಾಯಿತು. ಸಾತವ್ವ ಕೂತಳು, ಎದ್ದಳು, ಮತ್ತೆ ಕೂತಳು. ಕೈ ಎರಡೂ ಹಸಿರು ಗಂಟು. ಒಲೆಯ ಮುಂದೆ ಕೇತಪ್ಪ ಮುದ್ದೆ ತಿರುವುತ್ತಿದ್ದ. ಮುದ್ದೆಗಿಂತ ಗಂಟೇ ಹೆಚ್ಚಿತ್ತು. ಎಲ್ಲರೂ ಕಣ್ಣು ಮುಚ್ಚಿ ನುಂಗಿದರು.

“ಅದನ್ನ ತಗೋ ಕೂಸೇ.”

“ಯಾವುದನ್ನ?”

“ಅದನ್ನೇ. ಅಲ್ಲಿ ಹಾಕು.”

“ಎಲ್ಲಿ?”

“ಅಲ್ಲೇ! ಕಣ್ಣಿಲ್ವಾ? ಅದರ ಆಚೆ, ಇದರ... ಅಯ್ಯೋ ದೇವರೇ!”

ಕೇರಿಗೆಲ್ಲ ಚುರುಕಾದ ಹೆಣಿಗೆಯವಳು ಒಂದು ಸುತ್ತು ಬಾಯಲ್ಲಿ ಹೆಣೆಯಲಾರದೆ ಹೋದಳು. ಈರಜ್ಜಿ ಮೂಲೆಯಿಂದ ಅಂದಳು: “ಹೆಣಿಗೆ ನಿನ್ನ ಕೈಗೆ ಗೊತ್ತು ಸಾತವ್ವ. ನಿನಗೆ ಗೊತ್ತಿಲ್ಲ.” ಅತ್ತೆ ಮಾತು ನಿಜವಾದಾಗ ಸೊಸೆಗೆ ಎಷ್ಟು ಉರಿಯುತ್ತದೆ ಅಂತ ನಾನು ಹೇಳಬೇಕೇ? ಇಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಗೊತ್ತು.

ಎರಡನೇ ದಿನ. ಸಾತವ್ವನ ಮೂಗು ತುರಿಸಿತು. ಕೈ ಕಟ್ಟಿದವರಿಗೇ ಮೂಗು ತುರಿಸುವುದು, ಗಮನಿಸಿದ್ದೀರಾ?

“ಕೂಸೇ, ಮೂಗು ತುರಿಸೇ.”

“ಎಲ್ಲಿ ಅವ್ವಾ?”

“ಅಲ್ಲಿ.”

“ಇಲ್ಲೇನಾ?”

“ಅಲ್ಲ! ಎಡಗಡೆ. ಇನ್ನೂ ಸ್ವಲ್ಪ ಕೆಳಗೆ. ತುದಿಗೆ ಬರೋಕೆ ಒಂದು ಕಾಳಿನಷ್ಟು ಮುಂಚೆ. ಹಾಂ, ಅಲ್ಲೇ! ಮೆಲ್ಲಗೆ. ಆಹಾ!”

ತುಂಗಿ ತುರಿಸುತ್ತಲೇ ಅಂದಳು: “ಮೂಗಿಗೆ ಎಷ್ಟು ಚೆನ್ನಾಗಿ ಹೇಳ್ತೀಯಲ್ಲವ್ವಾ. ಬುಟ್ಟಿಗೂ ಹಂಗೇ ಹೇಳು.”

ಸಾತವ್ವ ಬುಟ್ಟಿಯ ಕಡೆ ಬಗ್ಗಿದಳು. ಹುಟ್ಟಿದಾಗಿನಿಂದ ಮೊದಲ ಸಲ ಕೂತವಳು ಏಳಲಿಲ್ಲ. ನಿಂತ ಕಡ್ಡಿಗಳನ್ನೇ ನೋಡಿದಳು. ಹದಿನೈದು ಕಡ್ಡಿ. ಕೇರಿಯಲ್ಲಿ ಹದಿನೈದು ಮನೆ.

“ನೋಡು, ಇದು ನಮ್ಮ ಮನೆ. ಇದು ದುರುಗವ್ವನ ಮನೆ. ಇದು ಮಾಳಪ್ಪಜ್ಜನ ಮನೆ. ಈ ಸೀಳು ನಮ್ಮ ಬೆಕ್ಕು. ಬೆಕ್ಕು ಒಂದು ಮನೆಯ ಮುಂದೆ ಹೋಗತ್ತೆ, ಇನ್ನೊಂದು ಮನೆಯ ಹಿಂದೆ ಹೋಗತ್ತೆ. ಯಾರ ಮನೇನೂ ಬಿಡಬಾರದು.”

“ಬಿಟ್ರೆ?”

“ಅವರು ಸಿಟ್ಟಾಗ್ತಾರೆ. ವಾಪಸ್ ಕರಕೊಂಡು ಬಂದು, ಅವರ ಮನೆಗೆ ಹೋಗಿ, ಆಮೇಲೆ ಮುಂದಕ್ಕೆ.”

ತುಂಗಿ ಬೆಕ್ಕನ್ನು ನಡೆಸಿದಳು. ಒಂದು ಮನೆ ಮುಂದೆ, ಒಂದು ಮನೆ ಹಿಂದೆ. ನಿಧಾನ ಅಂದರೆ ನಿಧಾನ. ಎಲ್ಲ ಮನೆಯಲ್ಲೂ ಬೆಕ್ಕು ಹಾಲು ಕುಡಿದು ಹೋಗುತ್ತಿತ್ತು. ಔಡಲ ಎಲೆಯೊಳಗೆ ಸಾತವ್ವನ ಬೆರಳು ಹತ್ತೂ ಕುಣಿಯುತ್ತಿದ್ದವು. ಗಂಟು ಗಟ್ಟಿಯಿತ್ತು. ತಾಳಿದವನು ಬಾಳಿಯಾನು ಅನ್ನುತ್ತಾರಲ್ಲ, ಆ ಗಾದೆ ಮಾಡಿದವನು ಮಗುವಿಗೆ ಕಲಿಸಿದವನಲ್ಲ, ಬಿಡಿ.

ಹುಣ್ಣಿಮೆ ಬಂತು. ಬೇವಿನ ಕಟ್ಟೆಯ ಮುಂದೆ ಕೇರಿಯೆಲ್ಲ ಸೇರಿತು. ಬೆಳಗ್ಗೆ ಈರಜ್ಜಿ ದಾರ ಬಿಚ್ಚಿ ಸೊಸೆಯ ಕೈ ತೊಳೆದಿದ್ದಳು. ಕೈ ಎರಡೂ ಹೊಸ ಮದುವಣಗಿತ್ತಿಯ ಹಾಗೆ ಕೆಂಪು.

“ಏನೇ ಸಾತವ್ವಾ, ಕೇತಪ್ಪ ಇನ್ನೊಂದು ಸಲ ತಾಳಿ ಕಟ್ಟುತ್ತಾನಾ?” ಅಂದಳು ದುರುಗವ್ವ. ಚಾಪೆ ಸುರುಳಿ ಸುತ್ತಿ ಕಂಕುಳಲ್ಲೇ ಇಟ್ಟುಕೊಂಡು ಬಂದಿದ್ದಳು.

“ಹೂಂ ಅಕ್ಕಾ. ಅಡಿಗೆಯೂ ಅವನದೇ. ಊಟಕ್ಕೆ ಬಾ.”

ತುಂಗಿ ಕೂತಳು. ಸಾತವ್ವ ಪಕ್ಕದಲ್ಲಿ ಕೂತಳು. ಈಗ ಎಲೆ ಇಲ್ಲ, ದಾರ ಇಲ್ಲ. ಬಿಚ್ಚಿದ ಕೈ.

ಮೊದಲ ಸುತ್ತು ಸರಿಹೋಯಿತು. ಎರಡನೆಯದೂ ಸರಿ. ಮೂರನೇ ಸುತ್ತಿನಲ್ಲಿ ತುಂಗಿ ತಲೆ ಎತ್ತಿ ಹಾರುವ ಗಿಣಿ ನೋಡಿದಳು. ಒಂದು ಕಡ್ಡಿ ಬಿಟ್ಟುಹೋಯಿತು. ಅವರೆಕಾಳು ಆರಾಮವಾಗಿ ನುಸುಳುವಷ್ಟು ಸಂದಿ. ಮಗು ನೋಡಲಿಲ್ಲ. ತಾಯಿ ನೋಡಿದಳು. ದುರುಗವ್ವ ಅದನ್ನೂ ನೋಡಿದಳು, ಸಾತವ್ವನ ಕೈಯನ್ನೂ ನೋಡಿದಳು.

ಕೈ ಎದ್ದಿತು. ತಾನಾಗಿಯೇ ಎದ್ದಿತು. ಹೇಳೋಣವೆಂದರೆ ಬಾಯಿ ಬಿಡುವಂತಿಲ್ಲ, ಹೇಳಿದರೂ ಮುಟ್ಟಿದ ಲೆಕ್ಕವೇ. ಇನ್ನೊಂದು ಗಳಿಗೆ ಕೂತರೆ ಕೈ ಬುಟ್ಟಿಯ ಮೇಲಿರುತ್ತದೆ.

ಸಾತವ್ವ ಏನು ಮಾಡಿದಳು? ಎದ್ದಳು. “ಬಾಯಾರಿಕೆ” ಅಂದಳು; ನೀರಿಗೆ ಏಳಬಾರದು ಅಂತ ಕಟ್ಟಳೆಯಲ್ಲಿ ಇರಲಿಲ್ಲ. ಮಗಳ ಕಡೆ ಬೆನ್ನು ಹಾಕಿ ಕಟ್ಟೆಯ ಪಕ್ಕದ ಹರವಿಯ ಹತ್ತಿರ ಹೋದಳು.

ಒಂದು ಚೊಂಬು ಕುಡಿದಳು. ಬೆನ್ನ ಹಿಂದೆ ಸದ್ದಿಲ್ಲ. ಎರಡನೇ ಚೊಂಬು ಕುಡಿದಳು. ಸದ್ದಿಲ್ಲ. ಯಾರೋ ಕೆಮ್ಮಿದರು. ಮೂರನೇ ಚೊಂಬು. ನೀರು ಗಂಟಲಲ್ಲಿ ಕೇತಪ್ಪನ ಮುದ್ದೆಯ ಹಾಗೆ ನಿಂತಿತು.

ಆಗ ಕೇಳಿಸಿತು, ಸಣ್ಣ ದನಿ. “ಒಂದು ಮನೆ ಮುಂದೆ... ಒಂದು ಮನೆ ಹಿಂದೆ... ಅಯ್ಯಯ್ಯೋ, ದುರುಗವ್ವದೊಡ್ಡಮ್ಮನ ಮನೆ ಬಿಟ್ಟುಹೋಯ್ತು! ಬಾ ಬೆಕ್ಕೇ, ವಾಪಸ್ ಬಾ.” ಸರ್ರನೆ ಸೀಳು ಎಳೆದ ಸದ್ದು.

ಸಾತವ್ವ ನಾಲ್ಕನೇ ಚೊಂಬೂ ಕುಡಿದಳು. ಸಂತೋಷಕ್ಕೆ.

ಮಾಳಪ್ಪ ಸೇರು ಕಾಳು ಸುರಿದ. ಎತ್ತಿದ. ಕೇರಿಯ ಕಣ್ಣೆಲ್ಲ ಬುಟ್ಟಿಯ ಕೆಳಗೆ. ಒಂದು ಕಾಳು ನೆಲಕ್ಕೆ ಬಿತ್ತು.

“ಬಿತ್ತು!” ಅಂದಳು ದುರುಗವ್ವ.

“ಸೇರಿನ ಅಂಚಿನಿಂದ ಜಾರಿದ್ದು” ಅಂದ ಮಾಳಪ್ಪ. “ನನ್ನ ಕೈ ನಡುಗಿತು. ಬೇಕಾದರೆ ನನ್ನನ್ನು ಒಂದು ವರ್ಷ ನಿನ್ನ ಮನೆಗೆ ಕರಕೊಂಡು ಹೋಗು.” ಬುಟ್ಟಿ ಕುಲುಕಿದ. ಮತ್ತೆ ಕುಲುಕಿದ. ಇನ್ನೊಂದು ಕಾಳು ಬೀಳಲಿಲ್ಲ.

ತುಂಗಿಗೆ ಪುಟ್ಟ ಕತ್ತಿ ಬಂತು. ಸಾಲಿನಲ್ಲಿ ಜಾಗ ಬಂತು. ದುರುಗವ್ವ ಚಾಪೆ ಬಿಚ್ಚಿ, “ಹಾಸಿಕೋ ಬಾರೇ, ಬರೀ ನೆಲ ತಣ್ಣಗಿದೆ” ಅಂತ ಆ ಜಾಗಕ್ಕೇ ಹಾಕಿದಳು. ಆಕೆಯ ಮಕ್ಕಳೆಲ್ಲ ಬೇರೆ ಬೇರೆ ಊರಿಗೆ ಮದುವೆಯಾಗಿ ಹೋಗಿದ್ದರು.

ಸಾತವ್ವ ಮಗಳನ್ನು ಎತ್ತಿಕೊಂಡು ಕೇಳಿದಳು: “ಕೂಸೇ, ಬುಟ್ಟಿ ಸೊಟ್ಟ ಆಗಿತ್ತಲ್ಲ, ಯಾರು ನೇರ ಮಾಡಿದ್ದು?”

ತುಂಗಿ ತಾಯಿಯನ್ನು ಕನಿಕರದಿಂದ ನೋಡಿದಳು. ಇಷ್ಟೂ ಗೊತ್ತಾಗದವರಿಗೆ ಹೇಗೆ ಕಲಿಸುವುದು ಅನ್ನುವ ಹಾಗೆ.

“ಅಜ್ಜಿಗೆ ಹೇಳಿದ್ನಲ್ಲ ಅವ್ವಾ, ನೀರು ಕುಡ್ದು ಬಂದ್ರೆ ಬುಟ್ಟಿ ನೇರ ಆಗತ್ತೆ ಅಂತ? ಇಷ್ಟು ದಿನ ನಾನು ಹೋಗ್ತಿದ್ದೆ. ಇವತ್ತು ನೀನು ನೀರು ಕುಡಿಯೋಕೆ ಹೋದೆ. ಅದಕ್ಕೇ ನೇರ ಆಯ್ತು.”

ಅಂದಿನಿಂದ ಆ ಕೇರಿಯಲ್ಲಿ, ಮಗು ಏನಾದರೂ ಕಲಿಯುವಾಗ ತಾಯಿ ಎದ್ದೆದ್ದು ಹೋಗಿ ನೀರು ಕುಡಿಯುತ್ತಾಳಂತೆ. ಹರವಿ ಬೇಗ ಬರಿದಾಗುತ್ತದೆ ಅನ್ನುವುದೊಂದೇ ದೂರು.

ಬುಟ್ಟಿ ಅವರಲ್ಲಿ ಉಳಿಯಿತು, ಕಥೆ ನಮ್ಮಲ್ಲಿಗೆ ಬಂತು. ಕಥೆಯಲ್ಲಿ ಎಲ್ಲಾದರೂ ಸೊಟ್ಟ ಕಂಡಿದ್ದರೆ ನನ್ನನ್ನು ಕೇಳಬೇಡಿ. ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಬನ್ನಿ.