ಹದಿನೆಂಟು ಒತ್ತಿದರೆ ಎಪ್ಪತ್ತೆರಡು

ನನ್ನ ಹೆಸರು ಮೇಲಿನ ನಮೂನೆಯಲ್ಲಿದೆ. ವಯಸ್ಸು 46, ಉದ್ಯೋಗ ಮಕ್ಕಳ ವಾರ್ಡಿನ ಹಿರಿಯ ನರ್ಸ್, ವಾಸ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನ 3ನೇ ಮನೆ. ನಾನು ಆರು ಕ್ಯಾಲ್ಕುಲೇಟರ್ ಕದ್ದಿದ್ದೇನೆಂದು ಆಸ್ಪತ್ರೆಯ ಮ್ಯಾನೇಜರ್ ಕೊಟ್ಟ ದೂರಿನ ಬಗ್ಗೆ ಈ ಮೂಲಕ ತಿಳಿಸುವುದೇನೆಂದರೆ:

ಸೋಮವಾರ ವಾರ್ಡಿಗೆ ಆರು ಹೊಸ ಕ್ಯಾಲ್ಕುಲೇಟರ್ ಬಂದವು. ಹಳೆಯವುಗಳಲ್ಲಿ 7, 8, 9 ಮೇಲಿನ ಸಾಲಿನಲ್ಲಿದ್ದವು. ಇವುಗಳಲ್ಲಿ ಫೋನಿನಂತೆ 1, 2, 3 ಮೇಲಿವೆ. ಸಹಿ ಹಾಕಿ ಪಡೆದವಳು ನಾನೇ. ನೋಡಿದೆ, ಯೋಚಿಸಲಿಲ್ಲ. ನಾವು ಗುಂಡಿ ನೋಡಿ ಒತ್ತುವವರಲ್ಲ. ಕಣ್ಣು ಕೇಸ್ ಶೀಟಿನ ಮೇಲಿರುತ್ತದೆ, ಹೆಬ್ಬೆರಳು ತಾನಾಗಿ ಹೋಗುತ್ತದೆ.

ಮಂಗಳವಾರ ಬೆಳಿಗ್ಗೆ 10.40ಕ್ಕೆ 4ನೇ ಹಾಸಿಗೆಯ ಹುಡುಗಿಗೆ ಕಿಲೋಗೆ 5 ಮಿಲಿಗ್ರಾಂನಂತೆ ಔಷಧಿ ಕೊಡಬೇಕಿತ್ತು. ತೂಕ 18 ಕಿಲೋ. 90 ಬರಬೇಕು. ನಾವು ಪಟಾಕಿ ಎಂದು ಕರೆಯುವ ಕಿರಿಯ ನರ್ಸ್ ಲೆಕ್ಕ ಹಾಕಿದಳು. ನಿಯಮದಂತೆ ನಾನು ಅವಳ ಉತ್ತರ ಕೇಳದೆ, ಇನ್ನೊಂದು ಕ್ಯಾಲ್ಕುಲೇಟರಿನಲ್ಲಿ ಹಾಕಿ, 360 ಎಂದೆ. ಅಕ್ಕಾ, ನಂದೂ ಅಷ್ಟೇ ಬಂತು ಎಂದಳು. ಇಬ್ಬರದೂ ಒಂದೇ ಬಂದ ಮೇಲೆ ಸರಿ ಎಂದು ಎರಡನೆಯ ಸಹಿ ಮಾಡಿದೆ; ಪಟಾಕಿ ಅಷ್ಟನ್ನೂ ಕೊಟ್ಟಳು. ಹಳೆಯ ಜಾಗದಲ್ಲಿ 18 ಒತ್ತುವ ಬೆರಳು ಹೊಸದರಲ್ಲಿ 72 ಒತ್ತಿತ್ತು. 5 ಮಾತ್ರ ಎರಡರಲ್ಲೂ ನಡುವೆಯೇ ಇದೆ. ಅಷ್ಟು ಚಿಕ್ಕ ಮಗುವಿಗೆ 360 ಎಂದಾಗ ನನ್ನ ಮನಸ್ಸಿಗೆ ಚುಚ್ಚಬೇಕಿತ್ತು. ಚುಚ್ಚಲಿಲ್ಲ.

10.55ಕ್ಕೆ ಕೂಗಿದರೂ ಮಗು ಕಣ್ಣು ತೆರೆಯಲಿಲ್ಲ. ಡಾಕ್ಟರನ್ನು ನಾನೇ ಕರೆದೆ. ಬುಧವಾರ ಮಧ್ಯಾಹ್ನ ಅವಳು ಎದ್ದು ಕುಳಿತು, ನನ್ನ ಚಪ್ಪಲಿ ಯಾರು ತಗೊಂಡ್ರು ಎಂದು ಜಗಳ ತೆಗೆದಳು.

ಅಂದೇ 3 ಗಂಟೆಗೆ ಮ್ಯಾನೇಜರ್ ಪಟಾಕಿಯನ್ನು ಕೆಲಸದಿಂದ ತೆಗೆಯುವ ಪತ್ರ ಟೈಪ್ ಮಾಡಿಸುತ್ತಿದ್ದರು. ನನಗೂ ಪತ್ರ ಕೊಡಿ ಎಂದೆ. ನೀವು ಇಪ್ಪತ್ತೆರಡು ವರ್ಷ ಸರ್ವಿಸ್ ಆದೋರು ಮೇಡಂ, ಸುಮ್ನಿರಿ, ಗುಂಡಿ ಒತ್ತೋಕೂ ಬರದವಳನ್ನ ಇಟ್ಕೊಂಡು ಏನ್ ಪೂಜೆ ಮಾಡೋದಾ ಎಂದರು. ನಾನು ಟೈಪಿಸ್ಟ್ ಕೈಗೆ ಹೊಸದೊಂದನ್ನು ಕೊಟ್ಟು, ಕಣ್ಣು ಪತ್ರದ ಮೇಲೇ ಇಟ್ಟು 18ನ್ನು 5ರಿಂದ ಗುಣಿಸಿ ಎಂದೆ. ಅವರು 360 ಎಂದರು. ಆಮೇಲೆ ತಮ್ಮ ಬೆರಳನ್ನೇ ನೋಡಿಕೊಂಡರು. ಮ್ಯಾನೇಜರ್, ನಾಟಕ ಸಾಕು, ಇವು ವಾರ್ಡಿನಲ್ಲೇ ಇರುತ್ತವೆ ಎಂದರು.

4.10ಕ್ಕೆ ನಾನು ತಿಳಿದೇ ಆರನ್ನೂ ಚೀಲಕ್ಕೆ ಹಾಕಿಕೊಂಡು, ಕಾಗದದ ಮೇಲೆ ಗುಣಿಸಿ ಎಂದು ವಾರ್ಡಿನವರಿಗೆ ಹೇಳಿ, 60 ಮೀಟರ್ ದೂರದ ನನ್ನ ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇಂದು ಅವನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆದಿದ್ದೇನೆ. ಪಟಾಕಿಯನ್ನು ತೆಗೆಯುವ ಮುನ್ನ ನಡೆಯಬೇಕಾದ ವಿಚಾರಣೆಯಲ್ಲಿ ಆರನ್ನೂ ಮೇಜಿನ ಮೇಲಿಡಬೇಕು. ನನ್ನನ್ನೂ ಅವಳ ಪಕ್ಕದಲ್ಲೇ ಕೂರಿಸಬೇಕು.

ಠಾಣೆಯಲ್ಲಿ ಬರೆದುಕೊಂಡವರು ಇದನ್ನು ನನಗೆ ಓದಿ ಹೇಳಿದರು. ತಿಳಿಯದೆ ತೆಗೆದುಕೊಂಡು ಹೋದೆ ಅಂತಿದ್ರೆ ನಿಮಗೇ ಒಳ್ಳೇದು ಎಂದು ಅವರು ಸೇರಿಸಿದ್ದ ಒಂದು ಪದವನ್ನು ನಾನೇ ಹೊಡೆದುಹಾಕಿ, ‘ತಿಳಿದೇ’ ಎಂದು ಬರೆದಿದ್ದೇನೆ. ಈಗ ಇದರಲ್ಲಿರುವುದೆಲ್ಲ ನಿಜ.

ಸ್ಥಳ: ಠಾಣೆ
ದಿನಾಂಕ: 14, ಗುರುವಾರ, ಬೆಳಿಗ್ಗೆ 11.20
ಸಹಿ (ತಿದ್ದಿದ ಕಡೆಯೂ ನನ್ನದೇ)