ಇಪ್ಪತ್ತಮೂರು ಮರಳು ಮೂಟೆ, ಒಬ್ಬ ಪ್ರಯಾಣಿಕ

ಈ ಸಭಾಂಗಣದಲ್ಲಿ ಸೇರಿರುವ ಹಿರಿಯರಿಗೆ, ಕಾರ್ಖಾನೆಯ ನನ್ನ ಒಡನಾಡಿಗಳಿಗೆ, ಕೆಲಸ ನಿಲ್ಲಿಸಿ ಬಂದಿರುವ ಮಾಲೀಕರಿಗೆ, ನಕ್ಷೆ ವಿಭಾಗದ ಮೇಡಂ ಅವರಿಗೆ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಯವರಿಗೆ, ಅವರ ಮಗಳಿಗೆ ಕೈಮುಗಿಯುತ್ತೇನೆ. ಮೈಕಿನ ಮುಂದೆ ನಿಂತು ನನಗೆ ಅಭ್ಯಾಸವಿಲ್ಲ. ಚುಕ್ಕಾಣಿ ಹಿಡಿಯುವವನು ನಾನು. ಈಗ ಕೈ ಎಲ್ಲಿಡಬೇಕೋ ಗೊತ್ತಾಗುತ್ತಿಲ್ಲ — ಕ್ಷಮಿಸಿ.

ಹೋದ ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅತ್ತಿಗೆಯವರ ಯಜಮಾನರ, ನಾನು ಅಣ್ಣ ಎಂದೇ ಕರೆಯುತ್ತಿದ್ದವರ, ಹೃದಯ ನಿಂತಿತು. ಅರವತ್ತು ವರ್ಷ. ನಿವೃತ್ತಿಗೆ ಎರಡು ತಿಂಗಳು ಬಾಕಿ ಇತ್ತು.

ಅವರ ಕೆಲಸ ಏನೆಂದು ಹೊರಗಿನವರಿಗೆ ಹೇಳಬೇಕು. ನಾವು ಕಟ್ಟುವುದು ಕ್ಯಾಟಮರಾನ್, ಎರಡು ಒಡಲಿನ ವೇಗದ ದೋಣಿ. ಎರಡು ತೆಳ್ಳನೆಯ ಒಡಲು — ಹೀಗೆ, ನನ್ನ ಎರಡು ಕೈಗಳ ಹಾಗೆ. ನಡುವೆ ಸುರಂಗ. ಮೇಲೆ ಪ್ರಯಾಣಿಕರ ಕೋಣೆ. ಹಿಂದೆ ತೂಗುಹಾಕಿದ ಎರಡು ಔಟ್‌ಬೋರ್ಡ್ ಎಂಜಿನ್. ದೋಣಿ ಹಗುರವಾದಷ್ಟೂ ಓಡುತ್ತದೆ, ಓಡಿದಷ್ಟೂ ಕುಕ್ಕುತ್ತದೆ. ಅಲೆ ಎದ್ದು ಸುರಂಗದ ಸೂರಿಗೆ ಬಡಿದರೆ ಮುಂದಿನ ಸಾಲಿನಲ್ಲಿ ಕೂತವರ ಹಲ್ಲು ಹಲ್ಲಿಗೆ ತಾಗುತ್ತದೆ. ಅದನ್ನು ತಡೆಯಲು ಸ್ಪ್ರಿಂಗ್ ಸೀಟು ಹಾಕಿದರೆ ತೂಕ ಹೆಚ್ಚಿ ವೇಗ ಇಳಿಯುತ್ತದೆ. ವೇಗ ಎಷ್ಟು, ಸುಖ ಎಷ್ಟು — ನಮ್ಮಲ್ಲಿ ದಿನಾ ಇದೇ ಜಗಳ.

ಆ ಜಗಳದಲ್ಲಿ ತೀರ್ಪು ಕೊಡುತ್ತಿದ್ದದ್ದು ಅವರ ಸೊಂಟ. ಹೊಸ ದೋಣಿಯ ಪರೀಕ್ಷೆಗೆ ಇಪ್ಪತ್ತನಾಲ್ಕು ಸೀಟುಗಳ ಪೈಕಿ ಇಪ್ಪತ್ತಮೂರರಲ್ಲಿ ಎಪ್ಪತ್ತೈದು ಕಿಲೋದ ಮರಳು ಮೂಟೆ ಇಟ್ಟು ಬೆಲ್ಟ್ ಬಿಗಿಯುತ್ತಿದ್ದೆವು. ಉಳಿದ ಒಂದರಲ್ಲಿ ಅವರು. ಒಂದೊಂದು ಓಟಕ್ಕೆ ಒಂದೊಂದು ಸೀಟು, ಪ್ರತಿ ಸೀಟಿಗೂ ಹತ್ತರಲ್ಲಿ ಇಷ್ಟು ಎಂದು ಅಂಕ. ನಾನು ಮುಂದೆ, ಹಲಗೆಯ ಗೋಡೆಯಾಚೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ.

ಕಾರ್ಖಾನೆಯವರೆಲ್ಲ ಅವರನ್ನು ಪ್ಯಾಸೆಂಜರ್ ಎಂದೇ ಕರೆಯುತ್ತಿದ್ದರು. ಓಟ ಮುಗಿಸಿ ಇಳಿಯುವಾಗ ನಾನು ಕೇಳುತ್ತಿದ್ದೆ, "ಏನಣ್ಣ, ಪ್ರಯಾಣ ಸುಖವಾಗಿತ್ತಾ?"

"ಸುಖಾನೇ. ಪಕ್ಕದಲ್ಲಿ ಕೂತಿದ್ದೋನು ಮಾತ್ರ ನನ್ನ ಭಾವಮೈದುನನ ಥರ. ದಾರಿಯುದ್ದಕ್ಕೂ ಮೇಲೇ ಬೀಳ್ತಿದ್ದ, ಒಂದು ಮಾತಾಡ್ಲಿಲ್ಲ."

ನಗಿ, ಅತ್ತಿಗೆ, ನಗಿ. ನಿಮ್ಮ ತಮ್ಮನೂ ಇಲ್ಲೇ ಇದ್ದಾರೆ, ಅವರೂ ನಗುತ್ತಿದ್ದಾರೆ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ನಾಲ್ಕು ವರ್ಷದ ಹಿಂದೆ ದ್ವೀಪದ ದಾರಿಗೆಂದು ಒಂದು ದೋಣಿ ಕಟ್ಟಿದೆವು. ಆ ದ್ವೀಪದಿಂದ ಆಸ್ಪತ್ರೆಗೆ ಬರುವವರಿಗೆ ಬೇರೆ ದಾರಿಯಿಲ್ಲ. ಒಪ್ಪಂದದ ವೇಗ ಮೂವತ್ತಾರು ನಾಟ್, ಅಂದರೆ ಗಂಟೆಗೆ ಸುಮಾರು ಅರವತ್ತೇಳು ಕಿಲೋಮೀಟರ್. ಆರು ದಿನ ಓಡಿಸಿದೆವು. ಸರಾಸರಿ ಬಂದದ್ದು ಮೂವತ್ತನಾಲ್ಕೂವರೆ. ಮುಂದಿನ ಸಾಲಿನ ನಾಲ್ಕು ಸೀಟಿಗೆ ಅವರು ಕೊಟ್ಟ ಅಂಕ ಆರು, ಆರು, ಏಳು, ಆರು. ಐದು ಬಂದರೆ ಪಾಸು.

ಮೇಡಂ ಲೆಕ್ಕ ಹಾಕಿದರು. ಮುಂದೆ ಎಂಟು ಸ್ಪ್ರಿಂಗ್ ಸೀಟು. ಮಾಮೂಲಿ ಸೀಟಿಗಿಂತ ಒಂದೊಂದೂ ಹದಿನಾಲ್ಕು ಕಿಲೋ ಹೆಚ್ಚು. ಅಂಕ ಚೆನ್ನಾಗಿಯೇ ಬಂದಿದೆ, ವೇಗ ಬಂದಿಲ್ಲ, ಹಾಗಾದರೆ ಸ್ಪ್ರಿಂಗ್ ತೆಗೆದುಬಿಡೋಣ — ಇದು ಅವರ ನಿರ್ಧಾರ. ಅವರ ತಪ್ಪಿಲ್ಲ. ಅವರ ಮುಂದಿದ್ದ ಹಾಳೆ ಹಾಗೆ ಹೇಳುತ್ತಿತ್ತು.

ಆರನೆಯ ದಿನ ಸಂಜೆ ಅಣ್ಣ ದೋಣಿಯಿಂದ ಇಳಿಯಲಿಲ್ಲ. ಹಲಗೆಯ ಬಾಗಿಲು ತೆಗೆದು ನನ್ನ ಹತ್ತಿರ ಬಂದು ನಿಂತರು.

"ಏಟು ಬೀಳೋಕೆ ಮುಂಚೆ ಪ್ರತಿ ಸಲ ಎಂಜಿನ್ ಸದ್ದು ಇಳಿಯುತ್ತೆ. ಯಾಕೋ?"

ನಾನು ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ.

"ಯಾರಿಗೋಸ್ಕರ ಓಡಿಸ್ತಿದ್ದೀಯ ನೀನು?"

ನಿಜ ಹೇಳುತ್ತೇನೆ. ಹಿಂದೆ ಅವರು ಕೂತಿದ್ದಾರೆ ಎಂಬುದು ನನ್ನ ಕೈಗೆ ಗೊತ್ತಿತ್ತು. ಮೊದಲೇ ಅವರ ಬೆನ್ನು ಸರಿಯಿರಲಿಲ್ಲ. ದೊಡ್ಡ ಅಲೆ ಕಂಡಾಗಲೆಲ್ಲ ವೇಗದ ಹಿಡಿಯನ್ನು, ಥ್ರಾಟಲನ್ನು, ಸ್ವಲ್ಪ — ಇಷ್ಟೇ, ಒಂದು ಬೆರಳಿನಷ್ಟು — ಹಿಂದಕ್ಕೆ ಎಳೆಯುತ್ತಿದ್ದೆ. ವೇಗ ಇಳಿದದ್ದು ಅದರಿಂದ. ಅಂಕ ಏರಿದ್ದೂ ಅದರಿಂದ. ಮೂಟೆಗಳಷ್ಟೇ ಇದ್ದಿದ್ದರೆ ಹಾಗೆ ಮಾಡುತ್ತಿರಲಿಲ್ಲ.

"ನಿಮ್ಮ ಬೆನ್ನಿಗೋಸ್ಕರ ಅಣ್ಣ" ಎಂದೆ.

"ನಾಳೆ ಆ ಸೀಟಲ್ಲಿ ಆಪರೇಷನ್ ಆದೋಳು ಕೂರ್ತಾಳೆ. ಓಡಿಸೋಕೆ ಅವಳ ತಮ್ಮ ಇರ್ತಾನಾ? ನಾಳೆ ಬೆಳಿಗ್ಗೆ ಸರಿಯಾಗಿ ಓಡಿಸು. ಸ್ಪ್ರಿಂಗ್ ಲಾಕ್ ಮಾಡಿ ಒಂದು ಓಟ, ಬಿಟ್ಟು ಒಂದು ಓಟ. ಕನಿಕರ ತೋರಿಸಿದ್ಯೋ, ನಿನ್ನ ಜೊತೆ ಮಾತು ಬಿಡ್ತೀನಿ."

ಮರುದಿನ ಓಡಿಸಿದೆ. ಒಂದೊಂದು ಏಟೂ ಹಲಗೆಯಾಚೆಯಿಂದ ಕೇಳಿಸಿತು. ನಾನು ಕೈ ತೆಗೆಯಲಿಲ್ಲ. ಮೂವತ್ತಾರು ದಾಟಿತು. ಸ್ಪ್ರಿಂಗ್ ಇದ್ದಾಗ ಅಂಕ ಐದು. ಲಾಕ್ ಮಾಡಿದಾಗ ಒಂದು. ಎಂಟು ಸೀಟೂ ಉಳಿದವು. ಇವತ್ತಿಗೂ ಆ ದೋಣಿಯಲ್ಲಿ ಇವೆ.

ಆ ವಾರವೆಲ್ಲ ಅವರು ನಿಂತುಕೊಂಡೇ ಊಟ ಮಾಡಿದರು. ಅತ್ತಿಗೆ, ನೀವು ಫೋನ್ ಮಾಡಿ "ಏನಾಯ್ತಪ್ಪ ಇವರಿಗೆ?" ಎಂದು ಕೇಳಿದಿರಿ. ಮೆಟ್ಟಿಲು ತಪ್ಪಿ ಜಾರಿದರು ಎಂದೆ. ಸುಳ್ಳು ಅದು.

ಆಮೇಲಿನದು ಅದಕ್ಕಿಂತ ಕೆಟ್ಟದ್ದು. ಅದೇ ಬೆಳಿಗ್ಗೆ ಹೊಸ ಪ್ರೊಪೆಲರ್ ಹಾಕಿದ್ದೆವು. ವೇಗ ಬಂದದ್ದು ಅದರಿಂದ ಎಂದು ಎಲ್ಲರೂ ನಂಬಿದರು. ಅಂಕ ಯಾಕೆ ಬದಲಾಯಿತು? ಮೇಡಂ ಕೇಳಿದಾಗ ನಾನು ಅಲ್ಲೇ ಇದ್ದೆ, ಮೇಜಿನ ಈ ತುದಿಯಲ್ಲಿ. ಅಣ್ಣ ಹೇಳಿದರು, "ಆರು ದಿನ ನನ್ನ ಅಂದಾಜು ತಪ್ಪಿತ್ತು ಮೇಡಂ. ವಯಸ್ಸಾಯ್ತು ನೋಡಿ."

ಹೊರಗೆ ಬಂದ ಮೇಲೆ ನಾನು ಹೋಗಿ ಹೇಳಿಬಿಡುತ್ತೇನೆ ಎಂದೆ.

"ಹೇಳಿದ್ರೆ ನಿನ್ನ ಲೈಸೆನ್ಸ್ ಕಿತ್ಕೋತಾರೆ. ನಿನ್ನ ಮಗಳು ಇನ್ನೂ ಓದ್ತಿದ್ದಾಳೆ. ನನಗೇನು, ರಿಟೈರ್ ಆಗೋಕೆ ನಾಲ್ಕು ವರ್ಷ. ಸುಮ್ನಿರು."

ಸುಮ್ಮನಿದ್ದೆ.

ಪ್ಯಾಸೆಂಜರ್‌ಗೆ ಮೈ ಮರಗಟ್ಟಿದೆ ಎಂದು ನಗಾಡಿದರು. ಯಾರು ನಕ್ಕರೆಂದು ಹೇಳುವುದಿಲ್ಲ, ನೀವೆಲ್ಲ ಇಲ್ಲೇ ಇದ್ದೀರಿ. ಅವರ ಜಾಗಕ್ಕೆ ಏಟು ಅಳೆಯುವ ಯಂತ್ರ ಬಂತು, ಟಿಫಿನ್ ಡಬ್ಬಿಯಷ್ಟು ದೊಡ್ಡದು. ಅವರನ್ನು ಸ್ಟೋರಿಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ತಗಡಿನ ಬೀರು, ಬೋಲ್ಟಿನ ಪೆಟ್ಟಿಗೆಗಳು. ನಾನು ದಿನಾ ಆ ಬಾಗಿಲಿನ ಮುಂದೆಯೇ ಹಾದುಹೋಗುತ್ತಿದ್ದೆ. ಮೊದಮೊದಲು ಒಳಗೆ ಹೋಗಿ ಕೂರುತ್ತಿದ್ದೆ. ಅವರು ಯಾವತ್ತೂ ಒಂದು ಚುಚ್ಚುಮಾತು ಆಡಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಆಮೇಲಾಮೇಲೆ ಹಿಂದಿನ ಗೇಟಿನಿಂದ ಓಡಾಡತೊಡಗಿದೆ.

ಹೊಸ ದೋಣಿ ಹೊರಟಾಗಲೆಲ್ಲ ಅವರು ಕಟ್ಟೆಗೆ ಬಂದು ಹಗ್ಗ ಬಿಚ್ಚುತ್ತಿದ್ದರು. ಅದು ಅವರ ಕೆಲಸವಾಗಿರಲಿಲ್ಲ. ಹಗ್ಗ ಕೈಯಲ್ಲಿ ಸುತ್ತಿಕೊಂಡು ನಾನು ಮರೆಯಾಗುವ ತನಕ ನಿಲ್ಲುತ್ತಿದ್ದರು. ನಾನು ತಿರುಗಿ ನೋಡುತ್ತಿರಲಿಲ್ಲ. ಈಗ ಓಡಿಸುವಾಗ ಹಲಗೆಯಾಚೆ ಇಪ್ಪತ್ತನಾಲ್ಕು ಮೂಟೆ, ಒಂದು ಡಬ್ಬಿ. ನನ್ನ ಎಂಜಿನ್ ಸದ್ದು ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ.

ನನ್ನ ಮಗಳ ಓದು ಎರಡು ವರ್ಷದ ಹಿಂದೆಯೇ ಮುಗಿಯಿತು. ಆಗಲೇ ಹೇಳಬಹುದಿತ್ತು. ಅವರು ಬದುಕಿದ್ದರು, ಕೇಳಿಸಿಕೊಳ್ಳುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮುಂದೂಡಿದೆ. ಅವರು ಹೋಗುವ ಮುನ್ನಾದಿನ, ಸೋಮವಾರ, ಆಸ್ಪತ್ರೆಗೆ ಹೋಗಬೇಕೆಂದಿದ್ದೆ, ಪರೀಕ್ಷೆಯ ಓಟವಿದೆ ಎಂದು ಹೋಗಲಿಲ್ಲ. ಓಟ ಹನ್ನೊಂದಕ್ಕೇ ಮುಗಿದಿತ್ತು.

ಆದ್ದರಿಂದ ಅವರ ಮಗಳ ಮುಂದೆ, ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ. ನಿನ್ನ ಅಪ್ಪನ ಅಂದಾಜು ಒಂದು ದಿನವೂ ತಪ್ಪಿರಲಿಲ್ಲ ಮಗಳೇ. ಎಂಥ ಏಟು ಬಿತ್ತೋ ಅದಕ್ಕೆ ತಕ್ಕ ಅಂಕವನ್ನೇ ಬರೆದರು. ಏಟನ್ನು ಮೆತ್ತಗೆ ಮಾಡಿದವನು ನಾನು. ಮಾಲೀಕರೇ, ಇದನ್ನು ಬರೆದು ಸಹಿ ಹಾಕಿ ಬೆಳಿಗ್ಗೆ ನಿಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ. ಲೈಸೆನ್ಸೂ ಜೊತೆಗಿದೆ.

ಇನ್ನು ಎರಡು ನಿಮಿಷ ಎದ್ದು ನಿಲ್ಲೋಣ. ಅತ್ತಿಗೆ, ನೀವು ಕೂತೇ ಇರಿ. ಈ ನಾಲ್ಕು ವರ್ಷ ನಾನು ಸುಮ್ಮನಿದ್ದದ್ದು ನನಗೋಸ್ಕರ. ಈ ಎರಡು ನಿಮಿಷ ಅವರಿಗೋಸ್ಕರ ಸುಮ್ಮನಿರುತ್ತೇನೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.